ಜೇನಿಗಾಗಿ ತೆರೆಯುವ ಸುರಂಗ

ಬೇಸಿಗೆಯಲ್ಲಿ ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗೆ ಹೊರಟರೆ ರಸ್ತೆ ಬದಿಯಲ್ಲಿ ಕಲ್ಲಂಗಡಿ ರಾಶಿ. ಕೊಳ್ಳುವವರು ತಟ್ಟಿ ನೋಡಿ ಆರಿಸುತ್ತಾರೆ. ನನಗೆ ಮಾತ್ರ ಆ ಹಣ್ಣಿನ ಎಳೆಯ ದಿನಗಳ ಮೇಲೆಯೇ ಹೆಚ್ಚು ಪ್ರೀತಿ.

ಆಗ ಬಳ್ಳಿಯನ್ನು ಸುರಂಗದೊಳಗೆ ಬೆಳೆಸುವವರಿದ್ದಾರೆ. ಸಾಲಿನುದ್ದಕ್ಕೂ ಕಮಾನಿನಂತೆ ಬಗ್ಗಿಸಿದ ಕಡ್ಡಿ, ಮೇಲೆ ತೆಳುವಾದ ಬಿಳಿ ಹೊದಿಕೆ, ಅಂಚಿಗೆ ಮಣ್ಣು. ಬಿಳಿನೊಣ, ನುಸಿ ಒಳಗೆ ನುಗ್ಗಲಾರವು. ಅವು ಹೊತ್ತು ತರುವ ನಂಜುರೋಗವೂ ದೂರ. ಆ ರೋಗ ಹಿಡಿದ ಬಳ್ಳಿಗೆ ಮದ್ದಿಲ್ಲ. ಹಾಗಾಗಿ ವಿಷ ಹೊಡೆಯದೆ ಬೆಳೆಯುವವರಿಗೆ ಇದಕ್ಕಿಂತ ಒಳ್ಳೆಯ ಕಾವಲು ನಾನು ಕಂಡಿಲ್ಲ. ಬುಡಕ್ಕೆ ಜೀವಾಮೃತ: 200 ಲೀಟರ್ ನೀರಿಗೆ 10 ಕೆಜಿ ಸಗಣಿ, ಜೊತೆಗೆ ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ರೈತ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಕನಸಾದ, ಚಾಮರಾಜನಗರದ ಹೊಂಡರಬಾಳಿನ ಅಮೃತಭೂಮಿ ಕೇಂದ್ರ ಇಂಥ ಬೇಸಾಯವನ್ನೇ ಕಲಿಸುತ್ತ ಬಂದಿದೆ.

ನಿಜವಾದ ಕಸುಬು ಕಾಣುವುದು ಹೊದಿಕೆ ತೆಗೆಯುವ ದಿನ. ಹೆಣ್ಣು ಹೂವಿನ ಬುಡದಲ್ಲಿ ಕಡಲೆ ಗಾತ್ರದ, ನವಿರು ರೋಮದ ಪುಟ್ಟ ಕಲ್ಲಂಗಡಿಯೇ ಕೂತಿರುತ್ತದೆ. ಅದು ಕಂಡ ಮೇಲೂ ಮುಚ್ಚಿಟ್ಟರೆ ಜೇನು ಬಾರದೆ ಪೀಚು ಉದುರುತ್ತದೆ. ಅವಸರಪಟ್ಟು ತೆಗೆದರೆ ಕೀಟದ ಪಾಲು. ಬೆಳಗ್ಗೆ ಅರಳಿದ ಹೂವು ಮಧ್ಯಾಹ್ನದ ಹೊತ್ತಿಗೆ ಮುದುಡುತ್ತದೆ. ರೈತ ದಿನವೂ ಬಗ್ಗಿ ನೋಡಲೇಬೇಕು.

ಕಾಯಿಯ ಪಕ್ಕದ ಕುಡಿ ಒಣಗಿ, ನೆಲಕ್ಕೊರಗಿದ ಹೊಟ್ಟೆ ಹಳದಿಯಾದರೆ ಕೊಯ್ಲು. ಕೊಯ್ದ ಮೇಲೂ ಅವಸರವಿದೆ: ರಾತ್ರಿ 9ಕ್ಕೆ ಬಂಡೀಪುರದ ಹೆದ್ದಾರಿ ಮುಚ್ಚುತ್ತದೆ. ವಯನಾಡಿಗೆ ಹೊರಟ ಹಣ್ಣಿನ ಲಾರಿ ಅಷ್ಟರೊಳಗೆ ಕಾಡು ದಾಟಬೇಕು.