ಅರ್ಧಕ್ಕೆ ನಿಂತ ಬದುಕಿನ ಇಡೀ ಚರಿತ್ರೆ

ಮಿಷನರಿಗಳ ಜೀವನಚರಿತ್ರೆಗೆ ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಒಂದು ಅಚ್ಚು ಸಿದ್ಧವಾಗಿತ್ತು. ಮುಂದೆ ಬ್ಯಾಪ್ಟಿಸ್ಟ್ ಆದ ಬೋಧಕ ಅಡೊನಿರಾಮ್ ಜಡ್ಸನ್ 1812ರಲ್ಲಿ ಹಡಗು ಹತ್ತಿ, ಮರುವರ್ಷ ಬರ್ಮಾ ಸೇರಿ, ಸೆರೆವಾಸ ಅನುಭವಿಸಿ, ಇಡೀ ಬೈಬಲನ್ನು ಬರ್ಮೀ ಭಾಷೆಗೆ ತಂದು 1850ರಲ್ಲಿ ತೀರಿಕೊಂಡರು. ಫ್ರಾನ್ಸಿಸ್ ವೇಲ್ಯಾಂಡ್ ಬರೆದ ಅವರ ಚರಿತ್ರೆ 1853ರಲ್ಲಿ ಎರಡು ಸಂಪುಟಗಳಲ್ಲಿ ಬಂತು. ಕರೆ, ಪಯಣ, ಕಷ್ಟ, ಫಲ ಎಲ್ಲವೂ ಆ ಬದುಕಿನಲ್ಲೇ ಇದ್ದವು.

ಜಡ್ಸನ್ ಓದಿದ ಆಂಡೋವರ್ ಸೆಮಿನರಿಯಲ್ಲೇ ಓದಿದ ಡೇವಿಡ್ ಕಾಯ್ಟ್ ಸ್ಕಡರನ ಬದುಕಿನಲ್ಲಿ ಫಲ ಎಂಬ ಕೊನೆಯ ಅಧ್ಯಾಯವೇ ಇಲ್ಲ. 1835ರಲ್ಲಿ ಬೋಸ್ಟನ್ನಿನಲ್ಲಿ ಹುಟ್ಟಿದ ಆತ ಬ್ಯಾಪ್ಟಿಸ್ಟ್ ಅಲ್ಲ, ಕಾಂಗ್ರಿಗೇಷನಲ್ ಸಭೆಯವನು. 1861ರಲ್ಲಿ ಮಧುರೆ ಮಿಷನ್ನಿಗೆ ಬಂದು, ಈಗ ತೇನಿ ಜಿಲ್ಲೆಯಲ್ಲಿರುವ ಪೆರಿಯಕುಳಂನಲ್ಲಿ ನೆಲೆಸಿ, 1862ರ ನವೆಂಬರಿನಲ್ಲಿ ವೈಗೈ ನದಿ ದಾಟುವಾಗ ಮುಳುಗಿ ಸತ್ತ. ಆಗ ವಯಸ್ಸು ಇಪ್ಪತ್ತೇಳು. ತಮ್ಮ ಹೊರೇಸ್ ಸ್ಕಡರ್ 1864ರಲ್ಲಿ ಪ್ರಕಟಿಸಿದ ಆತನ ‘ಬದುಕು ಮತ್ತು ಪತ್ರಗಳು’ ದುಃಖದಲ್ಲಿ ಕಟ್ಟಿದ ಪುಸ್ತಕ. ಅಮೆರಿಕದ ಅಂತರ್ಯುದ್ಧ ಮನೆಮನೆಯ ಹುಡುಗರನ್ನು ನುಂಗುತ್ತಿದ್ದ ಹೊತ್ತಿಗೆ, ದೂರದ ಹೊಳೆಯಲ್ಲಿ ಹೋದ ಒಬ್ಬ ಅಣ್ಣನ ನೆನಪನ್ನು ಉಳಿಸಿಕೊಡುವುದು ಸಣ್ಣ ಕೆಲಸವಲ್ಲ.

ಪತ್ರಗಳನ್ನು ಆಧಾರವಾಗಿ ಹಿಡಿದದ್ದು ಹೊರೇಸ್ ಮಾಡಿದ ಒಳ್ಳೆಯ ಆಯ್ಕೆ. ಪತ್ರ ಬರೆಯುವವನಿಗೆ ತನ್ನ ಕೊನೆ ಗೊತ್ತಿರುವುದಿಲ್ಲ. ಡೇವಿಡ್ ಹಿಂದೂ ದರ್ಶನಗಳ ಬಗ್ಗೆ ಓದಿ ಬರೆದವನು, ತಮಿಳು ಕಲಿಯಲು ಕೂತವನು. ಹುತಾತ್ಮನ ಪಟಕ್ಕಿಂತ ಈ ವಿದ್ಯಾರ್ಥಿಯೇ ನನಗೆ ಹತ್ತಿರದವನು. ಆದರೆ ಪತ್ರಕ್ಕೆ ವಿಳಾಸ ಇರುತ್ತದೆ, ಇಲ್ಲಿ ಆ ವಿಳಾಸ ಬೋಸ್ಟನ್. ಹಾಗಾಗಿ ಪೆರಿಯಕುಳಂನ ಸೀಮೆ ನೋಟದ ವಸ್ತುವಾಗುತ್ತದೆ. ಆ ಸೀಮೆಯ ಜನ ಆತನನ್ನು ಹೇಗೆ ನೋಡಿದರು ಎಂಬುದಕ್ಕೆ ಆ ಕಡೆಯಿಂದ ನಾನು ಕಂಡ ಒಂದು ಕಾಗದವೂ ಇಲ್ಲ.

ಆ ಜನರಲ್ಲಿ ಕನ್ನಡದವರೂ ಇದ್ದರು. ಕಂಬಂ ಕಣಿವೆಯ ಒಕ್ಕಲಿಗರು, ಕಪ್ಪಿಲಿಯರು, ದಿಂಡಿಗಲ್ ಕಡೆಯ ದೇವಾಂಗರು ತಮಿಳಿನ ನಡುವೆ ಮನೆಯಲ್ಲಿ ಕನ್ನಡವನ್ನೇ ಆಡುತ್ತ ಬಂದವರು. ಕಂಬಂನಲ್ಲಿ ಒಕ್ಕಲಿಗರಿಗೆ ತಂಬಿರಾನ್ ಎತ್ತುಗಳ ದೊಡ್ಡಿಯೇ ಗುಡಿ. ಪೊಂಗಲಿಗೆ ಅಲ್ಲಿ ಜನ ಸೇರುತ್ತಾರೆ. ಮಿಷನ್ನು ಬೋಧನೆಗೆ ಹಿಡಿದ ದಾರಿ ತಮಿಳು. ದನದ ದೊಡ್ಡಿಯ ಮುಂದೆ ಕೈಮುಗಿಯುವ, ಮನೆಯೊಳಗೆ ಬೇರೆ ನುಡಿಯಾಡುವ ಕುಟುಂಬದ ಒಳಗನ್ನು ಆ ದಾರಿಯಿಂದಷ್ಟೇ ಮುಟ್ಟುವುದು ಕಷ್ಟ.

ಮಿಷನರಿಗಳನ್ನು ಅಳೆಯಲು ನಾವು ಕನ್ನಡಿಗರು ಹಿಡಿಯುವ ಕೋಲೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. 1843ರಲ್ಲಿ ‘ಮಂಗಳೂರ ಸಮಾಚಾರ’ ತಂದ ಮೋಗ್ಲಿಂಗ್, 1894ರಲ್ಲಿ ನಿಘಂಟು ಕೊಟ್ಟ ಕಿಟ್ಟೆಲ್: ನಮಗೆ ಏನು ಕೊಟ್ಟರು ಎಂದು ಕೇಳಿ ಕೃತಜ್ಞರಾಗುತ್ತೇವೆ. ಆ ಲೆಕ್ಕದಲ್ಲಿ ಸ್ಕಡರನದು ಸೊನ್ನೆ. ಕಲಿಯುತ್ತಲೇ ಹೋದವನನ್ನು ಹಾಗೆ ಅಳೆಯುವುದು ಅನ್ಯಾಯ. ಜಡ್ಸನ್ನನ ಅಚ್ಚಿಗೆ ಒತ್ತಿ, ಸಾವನ್ನೇ ಫಲವೆಂದು ಓದುವುದು ಇನ್ನೊಂದು ಅನ್ಯಾಯ. ಆ ಸಾವಿಗಿಂತ ಮೊದಲು ಹೊಳೆಯನ್ನು ನೋಡಬೇಕು: ವೈಗೈ ಬೇಸಗೆಯಲ್ಲಿ ಮರಳಿನ ಹಾಸು. ಹಿಂಗಾರಿನಲ್ಲಿ ವರುಸನಾಡು ಬೆಟ್ಟಗಳಲ್ಲಿ ಮಳೆ ಸುರಿದರೆ, ಕೆಳಗಿನ ಬಯಲಲ್ಲಿ ಹನಿ ಬೀಳದಿದ್ದರೂ ಕೆಂಪು ನೀರು ನುಗ್ಗಿ ಬರುತ್ತದೆ. ವೈಗೈಗೆ ಅಣೆಕಟ್ಟು ಬಂದದ್ದು ಸುಮಾರು ನೂರು ವರ್ಷಗಳ ಆಮೇಲೆ. ನವೆಂಬರ್ ಹೊಳೆಯ ಸ್ವಭಾವ ಅರಿಯದೆ ಈ ಸಾವನ್ನು ಅರಿಯಲಾಗದು.

ಡೇವಿಡನ ಹೆಂಡತಿ ಹ್ಯಾರಿಯೆಟ್ ಪುಟ್ಟ ಮಗಳೊಂದಿಗೆ ಬೋಸ್ಟನ್ನಿಗೆ ಮರಳಿದಳು. 1861ರ ಡಿಸೆಂಬರಿನಲ್ಲಿ ಮಧುರೆಯಲ್ಲಿ ಹುಟ್ಟಿದ ಆ ಮಗಳು ವೀಡಾ ಸ್ಕಡರ್ ಮುಂದೆ ವೆಲ್ಸ್‌ಲಿ ಕಾಲೇಜಿನ ಅಧ್ಯಾಪಕಿ, ಕ್ರೈಸ್ತ ಸಮಾಜವಾದಿ. 1912ರಲ್ಲಿ ಲಾರೆನ್ಸ್ ಪಟ್ಟಣದ ಬಟ್ಟೆ ಗಿರಣಿಯ ಕಾರ್ಮಿಕರು ಮುಷ್ಕರ ಹೂಡಿದಾಗ ಅವರ ಪರ ಮಾತಾಡಿದವಳು. ಅಪ್ಪನ ಫಲ ಇದೇ ಎನ್ನುವ ಆಸೆಯಾಗುತ್ತದೆ, ಆದರೆ ಅವಳ ಕೆಲಸ ಅವಳದು.

ಹೊರೇಸನ ಪುಸ್ತಕವನ್ನು ಹಾಗೇ ಮರುಮುದ್ರಿಸುವುದರಲ್ಲಿ ನನಗೆ ಆಸಕ್ತಿಯಿಲ್ಲ. ಪೆರಿಯಕುಳಂನ ಪತ್ರಗಳನ್ನಷ್ಟೇ ಬೇರ್ಪಡಿಸಿ, ಆ ಸೀಮೆಯ ತಮಿಳರೂ ಕಂಬಂ ಕಣಿವೆಯ ಕನ್ನಡಿಗರೂ ಕೂಡಿ ಊರು, ಹೊಳೆ, ಜಾತ್ರೆಗಳಿಗೆ ಟಿಪ್ಪಣಿ ಬರೆದ ಆವೃತ್ತಿ ಬರಬೇಕು. ಸ್ಕಡರ್ ಯಾವುದನ್ನು ಸರಿಯಾಗಿ ಕಂಡ, ಯಾವುದರ ಪಕ್ಕದಲ್ಲೇ ನಡೆದು ಹೋದ ಎಂದು ಅವರೇ ಹೇಳಲಿ.