ಮರೆಯಾದ ಸಾಕ್ಷ್ಯ: 'ಬ್ಯಾಡ್ ಫಾರ್ಮಾ' ಗ್ರಂಥದ ಪರಿಶೀಲನೆ

ಬ್ರಿಟಿಷ್ ವೈದ್ಯ ಬೆನ್ ಗೋಲ್ಡೇಕರ್ ಅವರ 'ಬ್ಯಾಡ್ ಫಾರ್ಮಾ' ಎಂಬ ಗ್ರಂಥವು 2012ರಲ್ಲಿ ಪ್ರಕಟವಾಯಿತು. ಔಷಧೋದ್ಯಮವು ವೈದ್ಯಸಂಶೋಧನೆಯನ್ನೂ ಚಿಕಿತ್ಸಾಕ್ರಮವನ್ನೂ ಹೇಗೆ ತನ್ನ ಕಡೆಗೆ ಬಾಗಿಸಿಕೊಂಡಿದೆಯೆಂಬುದನ್ನು ವೈದ್ಯರೊಬ್ಬರೇ ನಿರೂಪಿಸಿರುವ ಈ ಕೃತಿಯನ್ನು ಭಾಷಾಸಾಹಿತ್ಯಗಳ ಅಧ್ಯಾಪಕರಾದ ನಾವು ಪರಿಶೀಲಿಸಹೊರಟಿರುವುದು ಕೆಲವರಿಗೆ ಅಪ್ರಸ್ತುತವೆಂದು ತೋರಬಹುದು. ಔಷಧಗಳ ಗುಣಾಗುಣಗಳನ್ನು ನಿರ್ಣಯಿಸುವ ಅಧಿಕಾರ ನಮಗಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ. ಆದರೆ ದೊರೆತ ಸಾಕ್ಷ್ಯವನ್ನೆಲ್ಲ ಓದುಗರ ಮುಂದಿಡುವ ಹೊಣೆ ಯಾರದೆಂಬುದೇ ಈ ಗ್ರಂಥದ ಮೂಲಪ್ರಶ್ನೆಯಾಗಿರುವುದರಿಂದ, ಹಸ್ತಪ್ರತಿಗಳ ನಡುವೆ ಕೆಲಸ ಮಾಡುವವರಿಗೆ ಅದು ತೀರ ಹೊರಗಿನ ವಿಷಯವೂ ಅಲ್ಲ.

ಲೇಖಕರು ತಮ್ಮದೇ ಅನುಭವವೊಂದನ್ನು ಆಧಾರವಾಗಿಟ್ಟುಕೊಂಡಿದ್ದಾರೆ. ಖಿನ್ನತೆಯಿಂದ ಬಳಲುತ್ತಿದ್ದ ರೋಗಿಯೊಬ್ಬರಿಗೆ ಅವರು ರೆಬಾಕ್ಸೆಟಿನ್ ಎಂಬ ಔಷಧವನ್ನು ಬರೆದುಕೊಟ್ಟಿದ್ದರು. ಅದಕ್ಕೆ ಮುನ್ನ ಪ್ರಕಟಿತ ಪ್ರಬಂಧಗಳನ್ನು ಓದಿಯೂ ಇದ್ದರು. ಪ್ರಬಂಧಗಳು ಔಷಧಕ್ಕೆ ಅನುಕೂಲವಾಗಿದ್ದವು. ಜರ್ಮನಿಯ ಸಂಶೋಧಕರು 2010ರಲ್ಲಿ ಅಪ್ರಕಟಿತ ಪ್ರಯೋಗಗಳನ್ನೂ ಒಟ್ಟುಗೂಡಿಸಿ ನೋಡಿದಾಗ ಸ್ಥಿತಿ ಬೇರೆಯೇ ಆಗಿತ್ತು. ಔಷಧಗುಣವಿಲ್ಲದ ಸಕ್ಕರೆಗುಳಿಗೆಯೊಡನೆ ಈ ಔಷಧವನ್ನು ಹೋಲಿಸಿದ ಪ್ರಯೋಗಗಳು ಏಳು. 254 ರೋಗಿಗಳನ್ನೊಳಗೊಂಡ ಒಂದರಲ್ಲಿ ಮಾತ್ರ ಫಲಿತಾಂಶ ಅನುಕೂಲವಾಗಿತ್ತು, ಅದು ಪ್ರಕಟವಾಯಿತು. ಸುಮಾರು ಹತ್ತು ಪಟ್ಟು ರೋಗಿಗಳಿದ್ದ ಉಳಿದ ಆರರಲ್ಲಿ ಔಷಧಕ್ಕೂ ಸಕ್ಕರೆಗುಳಿಗೆಗೂ ಹೆಚ್ಚಿನ ಭೇದವೇನೂ ಕಾಣಲಿಲ್ಲ, ಅವು ಅಚ್ಚಾಗಲಿಲ್ಲ. ವೈದ್ಯನು ಓದಿದ್ದರಲ್ಲಿ ಅಸತ್ಯವೇನೂ ಇರಲಿಲ್ಲ. ಓದಬೇಕಾಗಿದ್ದುದು ಅವನ ಕೈಗೆ ಬಂದಿರಲಿಲ್ಲ.

ಒಂದು ಕಾವ್ಯಕ್ಕೆ ಏಳು ಓಲೆಪ್ರತಿಗಳು ದೊರೆತಿವೆಯೆಂದಿಟ್ಟುಕೊಳ್ಳೋಣ. ಸಂಪಾದಕನು ತನ್ನ ಅಭಿಪ್ರಾಯಕ್ಕೆ ಹೊಂದುವ ಒಂದನ್ನು ಮಾತ್ರ ಅಚ್ಚು ಹಾಕಿಸಿ, ಉಳಿದ ಆರರ ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿಯೂ ಕೊಡದೆ, ಅವು ಇದ್ದುವೆಂಬ ಸಂಗತಿಯನ್ನೇ ಪೀಠಿಕೆಯಲ್ಲಿ ಹೇಳದೆ ಹೋದರೆ, ಅಂಥ ಮುದ್ರಣವನ್ನು ಪರಿಷ್ಕರಣವೆಂದು ನಾವು ಯಾರೂ ಕರೆಯುವುದಿಲ್ಲ. (ಹೋಲಿಕೆ ಪೂರ್ತಿಯಾಗಿ ಹೊಂದದು. ನಮ್ಮಲ್ಲಿ ಕೆಡುವುದು ಒಂದು ಪದ್ಯ. ಅಲ್ಲಿ ರೋಗಿಯ ಆರೋಗ್ಯ.) ಇದು ಒಂದೇ ಔಷಧದ ದುರದೃಷ್ಟವೂ ಆಗಿರಲಿಲ್ಲ. ಅಮೆರಿಕದ ಔಷಧನಿಯಂತ್ರಣ ಸಂಸ್ಥೆಗೆ ಸಲ್ಲಿಕೆಯಾಗಿದ್ದ, ಖಿನ್ನತೆಯ ಔಷಧಗಳಿಗೆ ಸಂಬಂಧಿಸಿದ 74 ಪ್ರಯೋಗಗಳ ಗತಿಯೇನಾಯಿತೆಂದು ಹುಡುಕಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಅನುಕೂಲ ಫಲಿತಾಂಶವಿದ್ದ 38ರಲ್ಲಿ 37 ಬೆಳಕು ಕಂಡಿದ್ದವು. ಉಳಿದ 36ರಲ್ಲಿ 22 ಪ್ರಕಟವೇ ಆಗಿರಲಿಲ್ಲ, 11 ಅನುಕೂಲವೆಂಬಂತೆ ತೋರುವ ರೀತಿಯಲ್ಲಿ ಪ್ರಕಟವಾಗಿದ್ದವು. ಇದ್ದುದನ್ನು ಇದ್ದಂತೆ ಹೇಳಿದವು ಕೇವಲ 3. ಆ 11ನ್ನು ಕುರಿತು ನಾವು ಹೆಚ್ಚು ಚಿಂತಿಸಬೇಕಾಗಿದೆ. ಮುಚ್ಚಿಟ್ಟ ಪ್ರತಿಯನ್ನು ಎಂದಾದರೂ ಹೊರತೆಗೆಯಬಹುದು. ತಿದ್ದಿದ ಪ್ರತಿ ತಾನೇ ಮೂಲವೆಂದು ನಿಂತುಬಿಡುತ್ತದೆ.

ಇಲ್ಲಿಯವರೆಗೆ ಲೇಖಕರ ವಾದವನ್ನು ನಾವು ಒಪ್ಪುತ್ತೇವೆ. ನಮ್ಮ ಆಕ್ಷೇಪವಿರುವುದು ಗ್ರಂಥದ ಹೆಸರಿಗೆ. ಔಷಧ ಕಂಪನಿಗಳನ್ನು ಆರೋಪಿಯ ಸ್ಥಾನದಲ್ಲಿ ನಿಲ್ಲಿಸುವ ಈ ಶೀರ್ಷಿಕೆಯು ಗ್ರಂಥದೊಳಗಿನ ಸಾಕ್ಷ್ಯಕ್ಕಿಂತ ಸಂಕುಚಿತವಾಗಿದೆ. ಲೇಖಕರು ಕೊಡುವ ಉದಾಹರಣೆಗಳಲ್ಲೆಲ್ಲ ಮನಸ್ಸನ್ನು ಹೆಚ್ಚಾಗಿ ಕಲಕುವುದು ಲೋರ್ಕೈನೈಡ್ ಎಂಬ ಔಷಧದ ಕಥೆ. ಹೃದಯಾಘಾತವಾದವರಲ್ಲಿ ಹೃದಯದ ಬಡಿತವನ್ನು ಕ್ರಮಗೊಳಿಸುವುದಕ್ಕಾಗಿ 1980ರಲ್ಲಿ ಸುಮಾರು ನೂರು ರೋಗಿಗಳ ಮೇಲೆ ಅದರ ಪ್ರಯೋಗ ನಡೆಯಿತು. ಔಷಧ ಪಡೆದವರಲ್ಲಿ 9 ಮಂದಿಯೂ ಪಡೆಯದವರಲ್ಲಿ ಒಬ್ಬನೂ ತೀರಿಕೊಂಡರು. ಸಂಶೋಧಕರು ಇದನ್ನು ಆಕಸ್ಮಿಕವೆಂದು ಬಗೆದರು. ವ್ಯಾಪಾರದ ಕಾರಣಗಳಿಂದ ಔಷಧದ ತಯಾರಿಕೆಯ ಯೋಚನೆಯೇ ನಿಂತುಹೋದುದರಿಂದ ಪ್ರಬಂಧವೂ ಪ್ರಕಟವಾಗದೆ ಉಳಿಯಿತು. ಅದೇ ದಶಕದಲ್ಲಿ ಅದೇ ಬಗೆಯ ಬೇರೆ ಔಷಧಗಳು ಬಳಕೆಗೆ ಬಂದವು. ಅವುಗಳಲ್ಲಿ ಎರಡನ್ನು ಪಡೆದ ರೋಗಿಗಳು ಹೆಚ್ಚಾಗಿ ಸಾಯುತ್ತಿರುವುದು ಅಮೆರಿಕದ ದೊಡ್ಡ ಪ್ರಯೋಗವೊಂದರಿಂದ 1989ರಲ್ಲಿ ತಿಳಿಯಿತು. ಹಳೆಯ ಪ್ರಯೋಗದ ಸಂಶೋಧಕರು ತಮ್ಮ ಫಲಿತಾಂಶವನ್ನು 1993ರಲ್ಲಿ ಅಚ್ಚು ಮಾಡಿಸಿ, ಅದು ಮೊದಲೇ ಹೊರಬಂದಿದ್ದರೆ ಮುನ್ನೆಚ್ಚರಿಕೆಯಾಗಬಹುದಿತ್ತೆಂದು ತಾವಾಗಿಯೇ ಒಪ್ಪಿಕೊಂಡರು. ಇಲ್ಲಿ ಖಳನಾಯಕನನ್ನು ಹುಡುಕಿದರೆ ಸಿಗುವುದಿಲ್ಲ. ತಮ್ಮ ಕೆಲಸ ಯಾರಿಗೂ ಬೇಡವಾಯಿತೆಂದು ಕಾಗದಗಳನ್ನು ಕಟ್ಟಿಟ್ಟ ಪ್ರಾಮಾಣಿಕ ವಿದ್ವಾಂಸರು ಸಿಗುತ್ತಾರೆ.

ಕಂಪನಿಗಳ ಪ್ರಚಾರವನ್ನು ಕುರಿತ ಅಧ್ಯಾಯ ದೀರ್ಘವಾಗಿದೆ. ಉಡುಗೊರೆ, ಔತಣ, ಪ್ರತಿನಿಧಿಗಳ ಭೇಟಿ ಮುಂತಾದ ವಿವರಗಳು ನಮ್ಮ ವಾಚಕರಿಗೆ ಅಪರಿಚಿತವಲ್ಲದ್ದರಿಂದ ಅವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಲೇಖಕರ ಶೈಲಿಯಲ್ಲಿ ಪತ್ರಿಕಾಬರಹದ ಚುರುಕು ಇದೆ. ಒಮ್ಮೊಮ್ಮೆ ಕೋಪವು ವಿವೇಚನೆಗಿಂತ ಮುಂದೆ ಓಡುವುದೂ ಉಂಟು. ಆದರೂ ಅಂಕಿಗಳ ಲೆಕ್ಕಾಚಾರವನ್ನು ಸಾಮಾನ್ಯ ಓದುಗನಿಗೆ ತಿಳಿಯಹೇಳುವ ಅವರ ಶಕ್ತಿಯನ್ನು, ಕನ್ನಡದಲ್ಲಿ ವಿಜ್ಞಾನ ಬರೆಯುವವರು ಗಮನಿಸಲೇಬೇಕು.

ಪ್ರಯೋಗಗಳನ್ನು ಆರಂಭದಲ್ಲಿಯೇ ಸಾರ್ವಜನಿಕವಾಗಿ ನೋಂದಾಯಿಸಬೇಕು, ಮುಗಿದ ಮೇಲೆ ಫಲಿತಾಂಶ ಏನೇ ಇದ್ದರೂ ಪ್ರಕಟಿಸಬೇಕು ಎಂಬುದು ಲೇಖಕರ ಬೇಡಿಕೆ. ಭಾರತದಲ್ಲಿಯೂ ಇಂಥ ನೋಂದಣಿಯ ವ್ಯವಸ್ಥೆ 2007ರಲ್ಲಿ ಆರಂಭವಾಗಿ 2009ರ ಜೂನ್‌ನಿಂದ ಕಡ್ಡಾಯವಾಯಿತು. ಆದರೆ ನೋಂದಣಿ ಒಂದು, ಫಲಿತಾಂಶವನ್ನು ಹೊರಗೆಡಹುವುದು ಇನ್ನೊಂದು. ಯೂರೋಪಿನ ನಿಯಮದಂತೆ ಫಲಿತಾಂಶ ಸಲ್ಲಿಸಬೇಕಾಗಿದ್ದ 7,274 ಪ್ರಯೋಗಗಳನ್ನು ಸ್ವತಃ ಗೋಲ್ಡೇಕರ್ ಮತ್ತು ಅವರ ಸಹೋದ್ಯೋಗಿಗಳು ಪರೀಕ್ಷಿಸಿ 2018ರಲ್ಲಿ ವರದಿ ಪ್ರಕಟಿಸಿದರು. ಒಟ್ಟಿನಲ್ಲಿ ಅರ್ಧದಷ್ಟು ಮಾತ್ರ ಸಲ್ಲಿಕೆಯಾಗಿದ್ದವು. ಕಂಪನಿಗಳು ನಡೆಸಿದ ಪ್ರಯೋಗಗಳಲ್ಲಿ ಶೇಕಡಾ 68.1ರಷ್ಟು ಫಲಿತಾಂಶಗಳು ಬಂದಿದ್ದರೆ, ವಿಶ್ವವಿದ್ಯಾನಿಲಯಗಳೇ ಮೊದಲಾದ ವಾಣಿಜ್ಯೇತರ ಸಂಸ್ಥೆಗಳಿಂದ ಬಂದವು ಶೇಕಡಾ 11 ಮಾತ್ರ. ಈ ಅಂಕಿಗಳನ್ನು ಮುಂದಿನ ಮುದ್ರಣದಲ್ಲಿ ಒಂದು ಅಧ್ಯಾಯವಾಗಿ ಸೇರಿಸುವುದಾದರೆ ಲೇಖಕರು ಗ್ರಂಥದ ಹೆಸರನ್ನೂ ಪುನಃ ಆಲೋಚಿಸಬೇಕಾದೀತು.