ಕತ್ತರಿ ಬೀಳದ ವೈರು

ಸಂಜೆ ಏಳರ ಹೊತ್ತಿಗೆ ಮಾರತ್ತಹಳ್ಳಿ ಸೇತುವೆಯ ಬುಡದಲ್ಲಿ ಸಿಕ್ಕಿಕೊಂಡವರಿಗೆ ಕಾರಿನ ರೇಡಿಯೊದ ಬೆಲೆ ಗೊತ್ತು. ದೇಶದ ಮೊದಲ ಖಾಸಗಿ ಎಫ್‌ಎಂ ನಿಲ್ದಾಣ ರೇಡಿಯೊ ಸಿಟಿ 2001ರ ಜುಲೈನಲ್ಲಿ ಶುರುವಾದದ್ದು ಬೆಂಗಳೂರಿನಲ್ಲೇ. ಆ ಕಾಲದ ಸ್ಯಾಂಟ್ರೊ, ಝೆನ್, ವ್ಯಾಗನ್ ಆರ್‌ಗಳು ಹದಿನೈದು ವರ್ಷ ತುಂಬಿ, ನೋಂದಣಿ ನವೀಕರಿಸಿಕೊಂಡು, ಕೆಎ 03 ಫಲಕ ಹೊತ್ತು ಹೊರ ವರ್ತುಲ ರಸ್ತೆಯಲ್ಲಿ ಇನ್ನೂ ಕಾಣುತ್ತವೆ. ಇಂಜಿನ್ ಗಟ್ಟಿಯಾಗಿದೆ, ಕ್ಯಾಸೆಟ್ ಪ್ಲೇಯರ್ ಮಾತ್ರ ಸತ್ತಿದೆ.

ಇಂಥ ಕಾರಿಗೆ ಹೊಸ ಸ್ಟೀರಿಯೊ ಕೂರಿಸುವ ಕೆಲಸ ರಸ್ತೆ ಬದಿಯಲ್ಲೇ ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತದೆ. ಹಾಡು ಬಂತು, ಪರದೆ ಹೊಳೆಯಿತು, ಗಿರಾಕಿ ಹಣ ಕೊಟ್ಟು ಹೊರಟ. ಆದರೆ ಈ ಕೆಲಸವನ್ನು ತೂಗಿ ನೋಡಲು ಬೇರೆಯೇ ಒಂದು ಪ್ರಶ್ನೆ ಕೇಳಬೇಕು: ನಾಳೆ ಹಳೆಯ ರೇಡಿಯೊವನ್ನೇ ಮತ್ತೆ ಹಾಕಬೇಕೆಂದರೆ, ಏನೂ ಒಡೆಯದೆ, ಏನೂ ಬೆಸೆಯದೆ ಹಾಕಲು ಆಗುತ್ತದೆಯೇ?

ಮೊದಲ ಪರೀಕ್ಷೆ ಪ್ಯಾನೆಲ್ ಬಿಚ್ಚುವಾಗ. ಇಪ್ಪತ್ತು ಬೇಸಿಗೆ ಕಂಡ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಒಣಗಿದ ಹಪ್ಪಳದಂತಿರುತ್ತದೆ. ಅದರ ಬೆನ್ನಿಗಿರುವ ಲಾಕುಗಳು ಬೆರಳಿನ ಉಗುರಿನಷ್ಟೇ ದೊಡ್ಡವು. ಅವಸರದ ಕೈ ಚಪ್ಪಟೆ ಸ್ಕ್ರೂಡ್ರೈವರನ್ನು ಸಂದಿಗೆ ತೂರಿಸಿ ಮೀಟುತ್ತದೆ. ಟಕ್ ಎಂದು ಒಂದು ಲಾಕ್ ಮುರಿಯುತ್ತದೆ, ಅಂಚಿನಲ್ಲಿ ಬಿಳಿ ಗೀರು ಬೀಳುತ್ತದೆ. ಬಲ್ಲ ಕೈ ಮೊದಲು ಆ್ಯಶ್‌ಟ್ರೇ ಹೊರಗೆಳೆದು, ಅದರ ಹಿಂದೆ ತಿರುಪು ಅಡಗಿದೆಯೇ ಎಂದು ಟಾರ್ಚ್ ಬಿಟ್ಟು ನೋಡುತ್ತದೆ. ಎಲ್ಲ ತಿರುಪುಗಳೂ ಬಂದ ಮೇಲೆಯೇ ನೈಲಾನ್ ಪಟ್ಟಿಯಿಂದ ಒಂದೊಂದೇ ಲಾಕನ್ನು ಬಿಡಿಸುತ್ತದೆ. ಡಿಸೆಂಬರಿನ ಬೆಳಗಾದರೆ ಕಾರನ್ನು ಸ್ವಲ್ಪ ಹೊತ್ತು ಬಿಸಿಲಿಗೆ ನಿಲ್ಲಿಸುವುದು ಒಳ್ಳೆಯದು. ಚಳಿಯಲ್ಲಿ ಹಳೆಯ ಪ್ಲಾಸ್ಟಿಕ್ ಬೇಗ ಸೀಳುತ್ತದೆ. ಮುರಿದ ಒಂದೇ ಒಂದು ಲಾಕ್ ಕೂಡ ವರ್ತೂರು ರಸ್ತೆಯ ಪ್ರತಿ ಹಂಪಿನಲ್ಲೂ ಕಟಕಟ ಎನ್ನುತ್ತದೆ. ಹೊಸ ಸ್ಟೀರಿಯೊದ ಸದ್ದು ಎಷ್ಟೇ ಚೆಂದವಿರಲಿ, ಕಿವಿ ಆ ಕಟಕಟದ ಕಡೆಗೇ ಹೋಗುತ್ತದೆ.

ಏರ್‌ಬ್ಯಾಗ್ ಇರುವ ಕಾರಾದರೆ ಬ್ಯಾಟರಿಯ ನೆಗೆಟಿವ್ ತುದಿ ಕಳಚಿ ಕೆಲವು ನಿಮಿಷ ಕಾದ ನಂತರವೇ ಒಳಗೆ ಕೈ ಹಾಕಬೇಕು. ಅಲ್ಲಿನ ಹಳದಿ ಕಪ್ಲರುಗಳನ್ನು ಮುಟ್ಟಲೇಬಾರದು. ಈ ಕಾಯುವಿಕೆಯನ್ನು ಬಿಟ್ಟುಬಿಡುವ ಫಿಟ್ಟರ್ ಎಷ್ಟೇ ಚುರುಕಾಗಿದ್ದರೂ ಅವನ ಕೆಲಸವನ್ನು ಒಪ್ಪಲಾಗದು.

ಅಳತೆಯ ವಿಷಯದಲ್ಲಿ ಹಳೆಯ ಕಾರುಗಳು ಉದಾರಿಗಳು. ಜರ್ಮನಿಯ ಡಿನ್ ಮಾನಕ 1984ರಲ್ಲಿ ಐಎಸ್‌ಒ 7736 ಆಗಿ ಜಗತ್ತಿಗೆಲ್ಲ ಒಂದೇ ಕಿಂಡಿ ಕೊಟ್ಟಿತು: 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ. ಎತ್ತರ ಇಮ್ಮಡಿಯಾದರೆ ಡಬಲ್ ಡಿನ್. 2005ರ ಮಾರುತಿ ಸ್ವಿಫ್ಟ್‌ನಲ್ಲಿ ಸ್ಟೀರಿಯೊ ಡ್ಯಾಶ್‌ಬೋರ್ಡಿನ ಆಕಾರದಲ್ಲೇ ಬೆರೆತು ಬಂತು. ಅಂಥದಕ್ಕೆ ಬೇರೆ ಫ್ರೇಮ್ ಬೇಕು. ಸಿಂಗಲ್ ಡಿನ್ ಕಿಂಡಿಗೆ ದೊಡ್ಡ ಪರದೆ ತುರುಕಲು ಬ್ಲೇಡಿನಿಂದ ಪ್ಲಾಸ್ಟಿಕ್ ಕೊಯ್ಯುವುದು ಈ ಇಡೀ ಕಸುಬಿನ ಅತಿ ಕೆಟ್ಟ ಅಭ್ಯಾಸ. ಕೊಯ್ದದ್ದು ಮರಳಿ ಬೆಳೆಯುವುದಿಲ್ಲ. ಸರಿಯಾದ ಫ್ರೇಮಿಗೆ ಜೆ.ಸಿ. ರಸ್ತೆಗೆ, ಹಳೆಯ ಪ್ಯಾನೆಲ್‌ಗೆ ಶಿವಾಜಿನಗರದ ಗುಜರಿಗೆ ಹೋಗಿ ಬರಲು ಒಂದು ಭಾನುವಾರ ಹೋಗಬಹುದು. ಹೋಗಲಿ.

ಇನ್ನು ವೈರು. ಹೊಸ ಸೆಟ್ಟಿನ ಹಳದಿ ವೈರಿಗೆ ಬ್ಯಾಟರಿಯ 12 ವೋಲ್ಟ್ ಸದಾ ಬರುತ್ತಿರಬೇಕು. ಗಡಿಯಾರ, ನಿಲ್ದಾಣಗಳ ನೆನಪು ಉಳಿಯುವುದು ಅದರಿಂದ. ಕೆಂಪು ವೈರು ಕೀ ತಿರುಗಿಸಿದಾಗ ಮಾತ್ರ ಜೀವ ಪಡೆಯಬೇಕು. ಕಪ್ಪು ಅರ್ಥಿಂಗ್. ಕಾರಿನ ಕಡೆಯ ಬಣ್ಣಗಳು ಕಂಪನಿಗೊಂದು ಥರ, ಹಾಗಾಗಿ ಟೆಸ್ಟರ್ ಹಿಡಿಯದೆ ಊಹೆಯ ಮೇಲೆ ಜೋಡಿಸಲಾಗದು. ಹಳದಿ, ಕೆಂಪು ಎರಡನ್ನೂ ಹೆಣೆದು ಬ್ಯಾಟರಿಗೆ ಕೊಟ್ಟರೆ ನಾಲ್ಕು ದಿನ ನಿಂತ ಗಾಡಿ ಸ್ಟಾರ್ಟ್ ಆಗದೇ ಹೋಗಬಹುದು. ಎರಡನ್ನೂ ಕೀಗೆ ಕೊಟ್ಟರೆ ಪ್ರತಿ ಸಲ 101.3ರ ರೇನ್‌ಬೋ ಹುಡುಕಬೇಕು. ಕಾರಿಗೆ ಹೊಂದುವ ಕಪ್ಲರ್ ತಂದರೆ ಮೂಲ ವೈರಿಗೆ ಕತ್ತರಿಯೇ ಬೀಳುವುದಿಲ್ಲ. ಅದರ ಖರ್ಚು ಉಳಿಸಲು ಕಾರಿನ ಮೂಲ ಕಪ್ಲರನ್ನೇ ಕತ್ತರಿಸಿ ಎಸೆದು, ಟೇಪು ಸುತ್ತುವ ಅಂಗಡಿಗಳಿವೆ. ಬಿಸಿಲಿಗೆ ಆ ಟೇಪಿನ ಅಂಟು ಕರಗಿ, ವರ್ಷದೊಳಗೆ ಸುರುಳಿ ಬಿಚ್ಚಿಕೊಳ್ಳುತ್ತದೆ. ಅಲ್ಲಿಂದ ಶಾರ್ಟ್ ಸರ್ಕ್ಯೂಟ್ ದೂರವಿಲ್ಲ.

ಪೆಟ್ಟಿಗೆಯ ಮೇಲಿನ ‘50 ವ್ಯಾಟ್ × 4’ ನೋಡಿ ಸೆಟ್ ಆರಿಸುವುದೂ ಬೇಡ. ಅದು ಗರಿಷ್ಠ ಕ್ಷಣದ ಲೆಕ್ಕ. ನಿರಂತರವಾಗಿ ಸಿಗುವುದು ಚಾನೆಲ್‌ಗೆ ಸುಮಾರು 20 ವ್ಯಾಟ್. ಸಣ್ಣ ಕಾರಿಗೆ ಅಷ್ಟು ಧಾರಾಳವಾಯಿತು. ವಾಲ್ಯೂಮಿಗೆ ತಿರುಗುವ ನಾಬ್ ಇದೆಯೇ ಎಂದು ನೋಡುವುದು ಹೆಚ್ಚು ಮುಖ್ಯ. ಮುಂದಿನ ಬಸ್ಸಿನ ಬ್ರೇಕ್ ಲೈಟ್‌ನಿಂದ ಕಣ್ಣು ತೆಗೆಯದೆ ಬೆರಳಿಗೆ ಸಿಗುವುದು ನಾಬ್ ಮಾತ್ರ.

ಪ್ಯಾನೆಲ್ ಮುಚ್ಚುವ ಮೊದಲು ಗಿರಾಕಿಯನ್ನು ಕರೆದು, ‘ನೋಡಿ ಸರ್, ಒಂದು ವೈರೂ ಕಟ್ ಮಾಡಿಲ್ಲ’ ಎಂದು ಟಾರ್ಚ್ ಬಿಟ್ಟು ತೋರಿಸುವ ಹುಡುಗರೂ ಈ ಕಸುಬಿನಲ್ಲಿದ್ದಾರೆ. ಅವರು ಬಿಚ್ಚಿದ ಹಳೆಯ ರೇಡಿಯೊವನ್ನು ಪೇಪರಿನಲ್ಲಿ ಸುತ್ತಿ, ಅದರ ನಾಲ್ಕು ತಿರುಪುಗಳನ್ನು ಪೊಟ್ಟಣ ಕಟ್ಟಿ, ಡಿಕ್ಕಿಯಲ್ಲಿಟ್ಟು ಕಳಿಸುತ್ತಾರೆ.